ಮಾಗಿಯ ಚಳಿ: ಮನೆಗೊಂದು ಸುತ್ತು, ಬೀದಿಗೊಂದು ಸುತ್ತು

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯಿತೆಂದರೆ ಬೆಂಗಳೂರಿಗೆ ಚಳಿ ಬಂತೆಂದೇ ಲೆಕ್ಕ. ಅಲ್ಲಿಂದ ಮುಂದೆ ಧನುರ್ಮಾಸದ ಹುಗ್ಗಿ, ಸೊಗಡಿನ ಅವರೆಕಾಯಿ, ಸಂಕ್ರಾಂತಿಯ ಎಳ್ಳುಬೆಲ್ಲ, ಲಾಲ್‌ಬಾಗಿನ ಹೂವು. ಶಿವರಾತ್ರಿಗೆ ಚಳಿ ‘ಶಿವಶಿವಾ’ ಎಂದು ಓಡಿಹೋಗುವವರೆಗೆ ನಮ್ಮೂರಿನ ಅತ್ಯಂತ ಸೊಗಸಿನ ದಿನಗಳು ಇವೇ.

ಆದರೆ ಪತ್ರಿಕೆ ಓದುವವರಿಗೆ ಗೊತ್ತು, ಇದೇ ದಿನಗಳಲ್ಲಿ ಒಂದು ಬಗೆಯ ಸುದ್ದಿ ಪ್ರತಿ ವರ್ಷ ಮರಳಿ ಬರುತ್ತದೆ. ಸ್ನಾನದ ಮನೆಗೆ ಹೋದವರು ಹೊರಗೆ ಬರಲಿಲ್ಲ. ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದವರು ಏಳಲಿಲ್ಲ. ಗಾಳಿಪಟದ ದಾರ ಸ್ಕೂಟರ್ ಸವಾರನ ಕುತ್ತಿಗೆಗೆ ಸಿಕ್ಕಿತು. ಇವು ಯಾವುವೂ ಚಳಿಯಿಂದ ಆದವಲ್ಲ. ಚಳಿಯನ್ನು ಓಡಿಸಲು ಹೋಗಿ, ಹಬ್ಬದ ಸಂಭ್ರಮದಲ್ಲಿ ಮೈಮರೆತು ಆದವು. ಸ್ವಲ್ಪ ಎಚ್ಚರವಿದ್ದಿದ್ದರೆ ಅವುಗಳಲ್ಲಿ ಬಹುಪಾಲು ತಪ್ಪುತ್ತಿದ್ದವು.

ಹಾಗಾಗಿ ಈ ವಾರ ಒಂದು ಕೆಲಸ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಮೊಮ್ಮಕ್ಕಳು ಒಂದು ಹಾಳೆ, ಪೆನ್ಸಿಲ್ ಹಿಡಿದುಕೊಳ್ಳಲಿ. ಅಜ್ಜ ಅಜ್ಜಿ ಕನ್ನಡಕ ಹಾಕಿಕೊಳ್ಳಲಿ. ಇಬ್ಬರೂ ಸೇರಿ ಮೊದಲು ಮನೆಯೊಳಗೆ ಒಂದು ಸುತ್ತು, ಆಮೇಲೆ ಬೀದಿಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಏನು ನೋಡಬೇಕೆಂಬ ಪಟ್ಟಿ ಇಲ್ಲಿದೆ.

ಬೆಂಗಳೂರಿಗೆ ಚಳಿ ಯಾಕೆ?

ಮೊದಲು ಮಕ್ಕಳಿಗೊಂದು ಪ್ರಶ್ನೆ. ಬೆಂಗಳೂರೂ ಚೆನ್ನೈಯೂ ಭೂಪಟದಲ್ಲಿ ಹೆಚ್ಚುಕಡಿಮೆ ಒಂದೇ ಅಡ್ಡಗೆರೆಯ ಮೇಲಿವೆ, ಎರಡೂ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಚೆನ್ನೈಯವರು ಜನವರಿಯಲ್ಲೂ ಫ್ಯಾನ್ ಹಾಕುತ್ತಾರೆ, ನಾವು ಕಂಬಳಿ ಹೊದೆಯುತ್ತೇವೆ. ಯಾಕೆ?

ಉತ್ತರ ನಮ್ಮ ಕಾಲ ಕೆಳಗಿದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರ ಹೋದಂತೆ ಗಾಳಿ ತಣ್ಣಗಾಗುತ್ತದೆ. ಸಾಲದ್ದಕ್ಕೆ ಚೆನ್ನೈಗೆ ಪಕ್ಕದಲ್ಲೇ ಸಮುದ್ರವಿದೆ. ಸಮುದ್ರ ಬೇಗ ಕಾಯುವುದಿಲ್ಲ, ಬೇಗ ತಣಿಯುವುದೂ ಇಲ್ಲ. ನಮಗೆ ಅಂಥ ರಕ್ಷಣೆ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಮೋಡವಿಲ್ಲದ ರಾತ್ರಿ ನೆಲದ ಬಿಸಿಯೆಲ್ಲ ಆಕಾಶಕ್ಕೆ ಹೊರಟುಹೋಗುತ್ತದೆ. ಮೋಡ ಎಂದರೆ ಭೂಮಿಯ ಹೊದಿಕೆ. ಹೊದಿಕೆ ಜಾರಿದರೆ ನಡುಕ.

ಜನವರಿಯಲ್ಲಿ ನಮ್ಮೂರಿನ ರಾತ್ರಿಯ ಕನಿಷ್ಠ ಉಷ್ಣಾಂಶ ಸರಾಸರಿ ಸುಮಾರು 16 ಡಿಗ್ರಿ. ಬೆಂಗಳೂರಿನ ದಾಖಲೆಯ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದು 1884ರ ಜನವರಿ 13ರಂದು. ಅಂದರೆ ಸಂಕ್ರಾಂತಿಯ ಆಸುಪಾಸಿನಲ್ಲೇ! ಬೀದರ್, ವಿಜಯಪುರದ ಕಡೆಯವರು ನಮ್ಮ ಚಳಿಯನ್ನು ಕೇಳಿ ನಗಬಹುದು, ಅಲ್ಲಿ ಶೀತದ ಅಲೆಯೇ ಬೀಸುವುದುಂಟು. ನಮ್ಮ ಚಳಿ ಕೊಲ್ಲುವ ಚಳಿಯಲ್ಲ. ಅದಕ್ಕೇ ನಾವು ಅದರ ಬಗ್ಗೆ ಉದಾಸೀನ. ಅಪಾಯ ಇರುವುದು ಅಲ್ಲಿ.

ಸ್ನಾನದ ಮನೆ: ಮೊದಲ ತಪಾಸಣೆ

ಮಕ್ಕಳೇ, ಮೊದಲು ಸ್ನಾನದ ಮನೆಗೆ ನಡೆಯಿರಿ. ನೀರು ಕಾಯುವುದು ಗ್ಯಾಸ್ ಗೀಸರಿನಿಂದಲೋ, ವಿದ್ಯುತ್ತಿನಿಂದಲೋ, ಸೋಲಾರಿನಿಂದಲೋ ನೋಡಿ ಬರೆದುಕೊಳ್ಳಿ.

ಗ್ಯಾಸ್ ಗೀಸರ್ ಇದ್ದರೆ ಒಂದು ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಅದು ಸ್ನಾನದ ಮನೆಯ ಒಳಗಿದೆಯೋ ಹೊರಗಿದೆಯೋ? ಒಳಗಿದ್ದರೆ ಹಾಳೆಯ ಮೇಲೆ ಕೆಂಪು ಗುರುತು ಹಾಕಿ, ಅಪ್ಪ ಅಮ್ಮನಿಗೆ ತೋರಿಸಿ.

ಕಾರಣ ಇಷ್ಟು. ಬೆಂಕಿ ಉರಿಯಲು ಆಮ್ಲಜನಕ ಬೇಕು. ಚಿಕ್ಕ ಕೋಣೆ, ಚಳಿಯೆಂದು ಕಿಟಕಿ ಮುಚ್ಚಿದೆ, ಬಾಗಿಲಿಗೆ ಚಿಲಕ ಹಾಕಿದೆ. ಗೀಸರಿನ ಉರಿ ಒಳಗಿನ ಆಮ್ಲಜನಕವನ್ನು ಖರ್ಚು ಮಾಡುತ್ತಾ ಹೋಗುತ್ತದೆ. ಸಾಕಷ್ಟು ಗಾಳಿ ಸಿಗದಾಗ ಉರಿ ಅರೆಬರೆಯಾಗುತ್ತದೆ, ಆಗ ಹುಟ್ಟುವುದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷದ ಅನಿಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟೆಲ್ಲ ಬೇರೆಯವರು ಹಿಡಿದು ಕೂತರೆ ನಿಜವಾದ ಪ್ರಯಾಣಿಕರು ನಿಲ್ದಾಣದಲ್ಲೇ ಉಳಿದಂತೆ, ಆಮ್ಲಜನಕಕ್ಕೆ ಜಾಗ ಸಿಗುವುದಿಲ್ಲ. ತಲೆ ನೋಯುತ್ತದೆ, ತಲೆ ಸುತ್ತುತ್ತದೆ, ವಾಕರಿಕೆ ಬರುತ್ತದೆ, ಕಾಲಿನ ಶಕ್ತಿ ಹೋಗುತ್ತದೆ. ಚಿಲಕ ತೆಗೆಯಬೇಕೆಂದು ತೋಚುವ ಹೊತ್ತಿಗೆ ಕೈ ಮೇಲೇಳುವುದಿಲ್ಲ.

ಅನೇಕರು ಹೇಳುವ ಮಾತು: ‘ಗ್ಯಾಸ್ ಸೋರಿದರೆ ವಾಸನೆ ಬರುತ್ತದಲ್ಲ?’ ಅಡುಗೆ ಅನಿಲಕ್ಕೂ ತನ್ನದೇ ಆದ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲೆಂದು ಅದಕ್ಕೆ ಕೆಟ್ಟ ವಾಸನೆಯ ಒಂದು ವಸ್ತುವನ್ನು ಬೆರೆಸಿರುತ್ತಾರೆ. ಆದರೆ ಇಲ್ಲಿ ಅನಿಲ ಸೋರುತ್ತಿಲ್ಲ, ಉರಿಯುತ್ತಿದೆ. ಉರಿದ ಮೇಲೆ ಹುಟ್ಟಿದ ವಿಷಕ್ಕೆ ಯಾರೂ ವಾಸನೆ ಬೆರೆಸಿಲ್ಲ. ಆದ್ದರಿಂದ ಮೂಗನ್ನು ನಂಬಬೇಡಿ.

ಮಾಡಬೇಕಾದ್ದು ಹೀಗೆ: ಗೀಸರೂ ಸಿಲಿಂಡರೂ ಸ್ನಾನದ ಮನೆಯ ಹೊರಗೆ, ಗಾಳಿಯಾಡುವ ಜಾಗದಲ್ಲಿರಲಿ, ಪೈಪಿನಲ್ಲಿ ಬಿಸಿನೀರು ಮಾತ್ರ ಒಳಗೆ ಬರಲಿ. ಹೊರಗೆ ಸಾಗಿಸುವವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು, ಆಮೇಲೆ ಸ್ನಾನಕ್ಕೆ ಹೋಗಿ. ಗೀಸರ್ ಉರಿಯುತ್ತಿರುವಾಗ ಒಳಗೆ ಯಾರೂ ಬೇಡ. ವೆಂಟಿಲೇಟರಿಗೆ ಚಳಿಯೆಂದು ರಟ್ಟು, ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರೆ ಇವತ್ತೇ ಕಿತ್ತುಹಾಕಿ. ವರ್ಷಕ್ಕೊಮ್ಮೆ ಗೀಸರನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಿ. ಉರಿ ನೀಲಿಯಾಗಿರಬೇಕು, ಹಳದಿಯಾಗಿದ್ದರೆ ಏನೋ ಸರಿಯಿಲ್ಲವೆಂದು ಅರ್ಥ.

ಇನ್ನೊಂದು, ಮಕ್ಕಳಿಗೆ ಒಪ್ಪಿಸುವ ಕೆಲಸ. ಮನೆಯಲ್ಲಿ ಯಾರು ಸ್ನಾನಕ್ಕೆ ಹೋದರೂ ಹೊರಗಿನಿಂದ ಆಗಾಗ ಮಾತಾಡಿಸಿ. ‘ಅಜ್ಜೀ, ಆಯ್ತಾ?’ ಎಂದರೆ ‘ಆಯ್ತು ಕಂದಾ’ ಎಂಬ ಉತ್ತರ ಬರಬೇಕು. ಉತ್ತರ ಬರದಿದ್ದರೆ ಬಾಗಿಲು ಬಡಿಯಿರಿ, ಆಗಲೂ ಬರದಿದ್ದರೆ ದೊಡ್ಡವರನ್ನು ಕೂಗಿ ಬಾಗಿಲು ತೆಗೆಸಿ. ಒಳಗಿರುವವರನ್ನು ಕೂಡಲೇ ಹೊರಗಿನ ಗಾಳಿಗೆ ತಂದು, ಗ್ಯಾಸ್ ಆರಿಸಿ, ಕಿಟಕಿ ತೆಗೆದು, 108ಕ್ಕೆ ಕರೆ ಮಾಡಬೇಕು. ವಯಸ್ಸಾದವರು ಒಳಗಿನ ಚಿಲಕ ಹಾಕದೆ ಬಾಗಿಲು ಮುಂದೆ ಮಾಡಿಕೊಂಡರೂ ಸಾಕು. ನಮ್ಮ ವಯಸ್ಸಿಗೆ ನಾಚಿಕೆಗಿಂತ ಜೀವ ದೊಡ್ಡದು.

ಕರೆಂಟಿನ ಗೀಸರ್ ಇದ್ದವರು ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಸ್ನಾನಕ್ಕೆ ಇಳಿಯುವ ಮೊದಲು ಸ್ವಿಚ್ ಆರಿಸುವುದು ಒಳ್ಳೆಯ ಅಭ್ಯಾಸ. ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಬಳಸುವವರಿಗೆ ಒಂದೇ ಸೂತ್ರ: ಮೊದಲು ನೀರು, ಆಮೇಲೆ ಕರೆಂಟು, ತೆಗೆಯುವಾಗ ಮೊದಲು ಕರೆಂಟು, ಆಮೇಲೆ ನೀರು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು, ಅಲ್ಲಿಯವರೆಗೆ ನೀರಿಗೆ ಬೆರಳು ಅದ್ದಿ ನೋಡಬಾರದು. ಕಬ್ಬಿಣ, ಅಲ್ಯೂಮಿನಿಯಂ ಬಕೆಟ್ ಬೇಡವೇ ಬೇಡ. ಮಕ್ಕಳಿರುವ ಮನೆಯಲ್ಲಿ ಕಾಯಿಲ್ ಹಾಕಿ ಯಾರೂ ಪಕ್ಕದ ಕೋಣೆಗೆ ಹೋಗಿ ಟಿ.ವಿ. ನೋಡುತ್ತಾ ಕೂರಬಾರದು.

ಸೋಲಾರ್ ಇದ್ದವರು ನಮಗೇನೂ ಭಯವಿಲ್ಲ ಎನ್ನಬೇಡಿ. ಮೋಡವಿಲ್ಲದ ದಿನ ಸೋಲಾರ್ ನೀರು 60 ಡಿಗ್ರಿ ದಾಟುವುದುಂಟು. ಆ ಬಿಸಿಗೆ ಚರ್ಮ ಸುಡಲು ಕೆಲವೇ ಸೆಕೆಂಡು ಸಾಕು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬಿಡಬೇಕು. ಮಗುವನ್ನು ಕೂರಿಸುವ ಮೊದಲು ಮೊಣಕೈ ಅದ್ದಿ ನೋಡಿ.

ಕೊನೆಯದಾಗಿ ನೆಲ. ಚಳಿಗಾಲ ಎಣ್ಣೆಸ್ನಾನದ ಕಾಲ. ಎಣ್ಣೆ ಬಿದ್ದ ನೆಲದ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡರೆ ಎಪ್ಪತ್ತರ ಮೇಲಿನವರಿಗೆ ಅದು ತಿಂಗಳುಗಟ್ಟಲೆಯ ಮಂಚ. ಎಣ್ಣೆ ಹಚ್ಚಿಕೊಳ್ಳುವುದು ಹೊರಗೆ ಕುರ್ಚಿಯ ಮೇಲೆ ಆಗಲಿ, ಸ್ನಾನದ ಮನೆಯ ಗೋಡೆಗೆ ಹಿಡಿಕೆಯೊಂದಿರಲಿ. ಉಣ್ಣೆಯ ಕಾಲುಚೀಲ ಹಾಕಿಕೊಂಡು ನುಣುಪು ಟೈಲ್ಸ್ ಮೇಲೆ ಓಡಾಡುವುದೂ ಅಷ್ಟೇ ಅಪಾಯ. ಅಡಿಯಲ್ಲಿ ರಬ್ಬರ್ ಚುಕ್ಕೆಗಳಿರುವ ಕಾಲುಚೀಲ ಸಿಗುತ್ತದೆ, ಅದು ವಾಸಿ.

ಮಲಗುವ ಕೋಣೆ: ಕೆಂಡ ಬೇಡ

ಬೀದಿಯ ಮೂಲೆಯ ಅಪಾರ್ಟ್‌ಮೆಂಟಿಗೆ ಹೋದ ವರ್ಷ ಹೊಸ ವಾಚ್‌ಮನ್ ಬಂದಿದ್ದ. ಊರಿಗೆ ಹೊಸಬ, ಬೆಚ್ಚನೆ ಬಟ್ಟೆಯಿರಲಿಲ್ಲ. ಮಾರ್ಗಶಿರದ ಒಂದು ರಾತ್ರಿ ಬಾಣಲೆಯಲ್ಲಿ ಇದ್ದಿಲು ಹೊತ್ತಿಸಿ, ಹೊಗೆ ಹೋದ ಮೇಲೆ ತನ್ನ ಪುಟ್ಟ ಕ್ಯಾಬಿನ್ ಒಳಗಿಟ್ಟುಕೊಂಡು ಬಾಗಿಲು ಹಾಕಿಕೊಂಡ. ಬೆಳಿಗ್ಗೆ ಐದೂವರೆಗೆ ಏಳನೇ ತರಗತಿಯ ಹುಡುಗಿಯೊಬ್ಬಳು ತಾತನ ಜೊತೆ ಸಂಗೀತ ಪಾಠಕ್ಕೆ ಹೊರಟಿದ್ದಳು. ಗಾಜಿನೊಳಗೆ ಕೆಂಡ ಕೆಂಪಗೆ ಕಾಣುತ್ತಿತ್ತು, ವಾಚ್‌ಮನ್ ತಲೆ ಬಗ್ಗಿಸಿ ಕೂತಿದ್ದ.

“ತಾತ, ಬಾಗಿಲು ತೆಗೆಸಿ” ಎಂದಳು ಹುಡುಗಿ.

“ಪಾಪ, ನಿದ್ದೆ ಮಾಡ್ತಿದಾನೆ, ಮಲಗಲಿ ಬಿಡಮ್ಮ” ಎಂದರು ತಾತ.

“ಇಲ್ಲ ತಾತ, ಮುಚ್ಚಿದ ಕೋಣೇಲಿ ಕೆಂಡ ಇಡಬಾರದು ಅಂತ ಮಿಸ್ ಹೇಳಿದಾರೆ” ಎಂದು ಅವಳೇ ಹೋಗಿ ಬಾಗಿಲು ಬಡಿದಳು. ಅವನು ಏಳಲಿಲ್ಲ. ಹಾಲಿನವನೂ ತಾತನೂ ಸೇರಿ ಬಾಗಿಲು ತಳ್ಳಿ ಅವನನ್ನು ಎಳೆದು ಹೊರಗೆ ಕೂರಿಸಿದರು. ವಾಂತಿ ಮಾಡಿಕೊಂಡ, ತಲೆ ಸಿಡಿಯುತ್ತಿದೆ ಎಂದ. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಮರುದಿನ ಎದ್ದು ಓಡಾಡಿದ. ಇನ್ನಷ್ಟು ಹೊತ್ತು ಯಾರೂ ನೋಡದಿದ್ದರೆ ಅವನ ಊರಿಗೆ ಬೇರೆಯೇ ಸುದ್ದಿ ಹೋಗಬೇಕಾಗಿತ್ತು.

ಇದರಲ್ಲಿ ಎರಡು ಪಾಠವಿದೆ. ಒಂದು, ಹೊಗೆ ಹೋದ ಮೇಲೆ ಕೆಂಡ ನಿರಪಾಯ ಎಂಬುದು ತಪ್ಪು. ಕಾರ್ಬನ್ ಮಾನಾಕ್ಸೈಡ್ ಹೊರಡುವುದು ಹೊಗೆಯಿಲ್ಲದ ಕೆಂಡದಿಂದಲೂ. ಹಿಂದೆ ಅಜ್ಜಿಯಂದಿರು ಬಾಣಂತಿಗೂ ಮಗುವಿಗೂ ಅಗ್ಗಿಷ್ಟಿಕೆ ಇಡುತ್ತಿದ್ದರು, ನಿಜ. ಆಗಿನ ಮನೆಗಳಲ್ಲಿ ಹೆಂಚಿನ ಸಂದಿಯಿಂದ ಗಾಳಿಯಾಡುತ್ತಿತ್ತು. ಈಗಿನ ಕಾಂಕ್ರೀಟ್ ಕೋಣೆ, ಗಾಜಿನ ಕಿಟಕಿಯಲ್ಲಿ ಅದು ಸಲ್ಲದು. ಸೊಳ್ಳೆಗೆಂದು ಕೆಂಡದ ಮೇಲೆ ಬೇವಿನ ಸೊಪ್ಪು, ಮಗುವಿಗೆಂದು ಸಾಂಬ್ರಾಣಿ ಹಾಕುವವರೂ ಕಿಟಕಿ ತೆಗೆದಿಟ್ಟು, ಆದ ಮೇಲೆ ಕೆಂಡ ಹೊರಗಿಟ್ಟು ಮಲಗಬೇಕು. ಎರಡನೆಯದು, ವಾಚ್‌ಮನ್ನಿಗೆ ಬುದ್ಧಿ ಹೇಳಿದರೆ ಸಾಲದು, ಕಂಬಳಿ ಕೊಡಬೇಕು. ಆ ಅಪಾರ್ಟ್‌ಮೆಂಟಿನವರು ಅವನಿಗೆ ದಪ್ಪ ಸ್ವೆಟರ್, ಕಂಬಳಿ, ರಾತ್ರಿಗೊಂದು ಫ್ಲಾಸ್ಕ್ ಚಹಾದ ಏರ್ಪಾಡು ಮಾಡಿದರು. ಇದ್ದಿಲಿನ ಬಾಣಲೆ ಅಲ್ಲಿಗೆ ಮುಗಿಯಿತು.

ಕರೆಂಟಿನ ರೂಮ್ ಹೀಟರ್ ಇಡುವವರು ಪರದೆ, ಹಾಸಿಗೆಯಿಂದ ದೂರ ಇಡಿ, ಅದರ ಮೇಲೆ ಬಟ್ಟೆ ಒಣಗಿಸಬೇಡಿ, ಮಲಗುವ ಮುನ್ನ ಆರಿಸಿ. ಬಿಸಿನೀರಿನ ಚೀಲಕ್ಕೆ ಕುದಿಯುವ ನೀರು ಹಾಕಬೇಡಿ, ಮುಕ್ಕಾಲು ಭಾಗದ ಒಳಗೇ ತುಂಬಿಸಿ ಬಟ್ಟೆ ಸುತ್ತಿ ಬಳಸಿ. ಸಕ್ಕರೆ ಕಾಯಿಲೆಯಿರುವವರ ಪಾದಕ್ಕೆ ಸ್ಪರ್ಶಜ್ಞಾನ ಕಡಿಮೆ. ಸುಟ್ಟದ್ದು ಬೆಳಿಗ್ಗೆ ಬೊಬ್ಬೆ ನೋಡಿದಾಗಲೇ ಗೊತ್ತಾಗುವುದು. ಅವರು ಚೀಲದ ಬದಲು ಕಾಲುಚೀಲ ಹಾಕಿಕೊಳ್ಳುವುದು ಮೇಲು. ನೆಗಡಿಗೆ ಹಬೆ ತೆಗೆದುಕೊಳ್ಳುವಾಗ ಕುದಿಯುವ ಪಾತ್ರೆಯನ್ನು ನೆಲದ ಮೇಲೆ, ಮಗು ಓಡಾಡುವಲ್ಲಿ ಇಡಬೇಡಿ. ಕರ್ಪೂರ ಮಗುವಿನ ಕೈಗೆಟುಕದಿರಲಿ, ಹೊಟ್ಟೆಗೆ ಹೋದರೆ ಅದು ವಿಷ.

ಅಜ್ಜ ಅಜ್ಜಿಯರ ಬೆಳಗಿನ ವಾಕಿಂಗ್

ನನ್ನ ವಯಸ್ಸಿನವರಿಗೆ ಈ ಮಾತು ರುಚಿಸದಿರಬಹುದು. ನಲವತ್ತು ವರ್ಷದಿಂದ ಐದು ಗಂಟೆಗೆ ವಾಕಿಂಗ್ ಹೋಗುವವನು ನಾನು, ಈಗ ಯಾಕೆ ಬಿಡಲಿ ಎನ್ನುವವರೇ ಹೆಚ್ಚು. ಬಿಡಬೇಡಿ, ಎರಡು ಗಂಟೆ ಮುಂದಕ್ಕೆ ಹಾಕಿ.

ಚಳಿಗೆ ಚರ್ಮದ ಕೆಳಗಿನ ರಕ್ತನಾಳಗಳು ಕುಗ್ಗುತ್ತವೆ. ಅದರಿಂದ ರಕ್ತದೊತ್ತಡ ಏರುತ್ತದೆ, ಹೃದಯಕ್ಕೆ ಕೆಲಸ ಹೆಚ್ಚಾಗುತ್ತದೆ. ಬೆಚ್ಚನೆ ಹಾಸಿಗೆಯಿಂದ ಎದ್ದವರೇ ಮಂಜಿನೊಳಗೆ ಬಿರುಸಾಗಿ ನಡೆದರೆ ಅದರ ಮೇಲೆ ಇನ್ನೊಂದು ಹೊರೆ. ಬಿಸಿಲು ಬಂದ ಮೇಲೆ ಹೊರಡಿ. ಮನೆಯೊಳಗೇ ಐದು ನಿಮಿಷ ಕೈಕಾಲು ಆಡಿಸಿ. ಕಿವಿ, ತಲೆ, ಎದೆ ಮುಚ್ಚಿಕೊಳ್ಳಿ. ಒಂದು ದಪ್ಪ ಸ್ವೆಟರಿಗಿಂತ ಎರಡು ತೆಳು ಬಟ್ಟೆ ಹೆಚ್ಚು ಬೆಚ್ಚಗೆ, ನಡುವಿನ ಗಾಳಿಯೇ ಕಂಬಳಿಯ ಕೆಲಸ ಮಾಡುತ್ತದೆ.

ಬೆಳಗಿನ ಗಾಳಿ ಶುದ್ಧ ಎಂಬ ನಂಬಿಕೆಯೂ ಚಳಿಗಾಲಕ್ಕೆ ಹೊಂದದು. ರಾತ್ರಿ ನೆಲ ತಣಿದು, ನೆಲದ ಹತ್ತಿರದ ಗಾಳಿ ತಣ್ಣಗೆ ಭಾರವಾಗಿ ಕೂತಿರುತ್ತದೆ, ಅದರ ಮೇಲೆ ಬೆಚ್ಚನೆ ಗಾಳಿ ಮುಚ್ಚಳದಂತೆ ಇರುತ್ತದೆ. ವಾಹನದ ಹೊಗೆ, ಕಸ ಸುಟ್ಟ ಹೊಗೆ ಮೇಲೇರಲಾಗದೆ ನಮ್ಮ ಮೂಗಿನ ಎತ್ತರದಲ್ಲೇ ನಿಲ್ಲುತ್ತದೆ. ಬಿಸಿಲೇರಿದ ಮೇಲೆ ಆ ಮುಚ್ಚಳ ತೆರೆಯುತ್ತದೆ. ಆಸ್ತಮಾ ಇರುವವರು ಇದನ್ನು ನೆನಪಿಡಬೇಕು. ಹಾಗೆಯೇ ಉದುರಿದೆಲೆಗೆ ಬೆಂಕಿ ಹಚ್ಚಿ ಮೈ ಕಾಯಿಸುವವರೂ. ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬೀದಿಯಲ್ಲಿ ಕಸ ಸುಡುವಂತಿಲ್ಲ. ಒಣಗಿದೆಲೆ ಗಿಡದ ಬುಡಕ್ಕೆ ಗೊಬ್ಬರವಾಗಲಿ.

ಚಳಿಯಲ್ಲಿ ಬಾಯಾರುವುದಿಲ್ಲ, ಆದರೆ ಮೈಗೆ ನೀರು ಬೇಕೇ ಬೇಕು. ಆಗಾಗ ಬೆಚ್ಚನೆ ನೀರು, ಸಾರು, ರಾಗಿ ಅಂಬಲಿ ಕುಡಿಯಿರಿ. ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಫ್ಲೂ ಲಸಿಕೆ ಬೇಕೇ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಎದೆ ಬಿಗಿತ, ಎಡಗೈ ಸೆಳೆತ, ತಣ್ಣನೆ ಬೆವರು ಬಂದರೆ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಜೀರಿಗೆ ಕಷಾಯ ಕುಡಿದು ಕೂರಬೇಡಿ, 108ಕ್ಕೆ ಕರೆ ಮಾಡಿ.

ಮಂಜಿನಲ್ಲಿ ಶಾಲೆಗೆ

ಒಂದು ಕಿಲೋಮೀಟರ್ ಆಚೆಯದು ಕಾಣದಿದ್ದರೆ ಹವಾಮಾನದವರು ಅದನ್ನು ಮಂಜು ಎನ್ನುತ್ತಾರೆ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಚಳಿಗಾಲದ ಮುಂಜಾನೆ ವಿಮಾನಗಳು ಮಂಜಿಗಾಗಿ ಕಾಯುವುದುಂಟು. ವಿಮಾನವೇ ಕಾಯುವಾಗ ಸ್ಕೂಟರ್ ಐದು ನಿಮಿಷ ನಿಧಾನವಾದರೆ ನಷ್ಟವೇನು?

ಮಂಜಿನಲ್ಲಿ ಹೆಡ್‌ಲೈಟನ್ನು ಕೆಳಮುಖವಾಗಿ ಇಡಬೇಕು. ಮೇಲ್ಮುಖದ ಬೆಳಕು ಮಂಜಿನ ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ತಿರುಗಿ ಬರುತ್ತದೆ. ಸೂರ್ಯೋದಯ ನೋಡಲು 1478 ಮೀಟರ್ ಎತ್ತರದ ನಂದಿಬೆಟ್ಟಕ್ಕೆ ನಸುಕಿನಲ್ಲೇ ಬೈಕ್ ಓಡಿಸುವ ಅಣ್ಣಂದಿರಿಗೆ, ಅಕ್ಕಂದಿರಿಗೆ ಇದನ್ನು ಮುಖ್ಯವಾಗಿ ಹೇಳಿ.

ದ್ವಿಚಕ್ರದಲ್ಲಿ ಶಾಲೆಗೆ ಹೋಗುವ ಮಕ್ಕಳೇ, ಮಫ್ಲರಿನ ತುದಿಗಳನ್ನು ಸ್ವೆಟರ್ ಒಳಗೆ ಸಿಕ್ಕಿಸಿಕೊಳ್ಳಿ. ಅಮ್ಮನ ಸೆರಗು, ಅಜ್ಜಿಯ ಶಾಲು ಚಕ್ರದತ್ತ ಇಳಿದಿಲ್ಲವಲ್ಲ ಎಂದು ಹೊರಡುವ ಮೊದಲು ನೀವೇ ನೋಡಿ. ಕುಲಾವಿಯಿದ್ದರೂ ಹೆಲ್ಮೆಟ್ ಬೇಕು. 9 ತಿಂಗಳಿಂದ 4 ವರ್ಷದ ಮಗುವನ್ನು ಕರೆದೊಯ್ಯುವಾಗ ಹೆಲ್ಮೆಟ್, ಸುರಕ್ಷತಾ ಪಟ್ಟಿ ಎರಡೂ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ನಿಯಮವಿದೆ. ನಸುಕಿನಲ್ಲಿ ನಡೆದು ಹೋಗುವವರು ಬಿಳಿ, ಹಳದಿಯಂಥ ತಿಳಿ ಬಣ್ಣದ ಬಟ್ಟೆ ತೊಡಿ. ಕಪ್ಪು ಜಾಕೆಟ್ ಮಂಜಿನಲ್ಲಿ ಕಾಣುವುದಿಲ್ಲ.

ಹಬ್ಬ, ಸಂತೆ, ಪರಿಷೆ

ಈಗ ಊರಿನ ಸುದ್ದಿಗೆ ಬರೋಣ. ಚಳಿಗಾಲದಲ್ಲಿ ಬೆಂಗಳೂರಿನಷ್ಟು ಬೀದಿಗಿಳಿಯುವ ಊರು ಕಡಿಮೆ.

ಕಡಲೆಕಾಯಿ ಪರಿಷೆ: ಇಂದಿನ ಬಸವನಗುಡಿ ಹಿಂದೆ ಸುಂಕೇನಹಳ್ಳಿ. ಸುತ್ತಲಿನ ರೈತರ ಕಡಲೆಕಾಯಿಯನ್ನು ಬಸವ ಬಂದು ತಿನ್ನುತ್ತಿದ್ದನೆಂದೂ, ಅವನಿಗೆ ಗುಡಿ ಕಟ್ಟಿ ಮೊದಲ ಬೆಳೆ ಒಪ್ಪಿಸುವ ವಾಡಿಕೆ ಬಂತೆಂದೂ ಐತಿಹ್ಯ. ಗುಡಿ ಕಟ್ಟಿಸಿದವರು ಕೆಂಪೇಗೌಡರು ಎನ್ನುತ್ತಾರೆ. ಜನಸಂದಣಿಯಲ್ಲಿ ಮಗುವಿನ ಜೇಬಿನಲ್ಲಿ ಮನೆಯವರ ಫೋನ್ ನಂಬರಿನ ಚೀಟಿ ಇರಲಿ. ಕಡಲೆಕಾಯಿಯನ್ನು ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯಾಗಿ ಕೊಡಬೇಡಿ. ನಗುತ್ತಲೋ ಓಡುತ್ತಲೋ ತಿನ್ನುವಾಗ ಬೀಜ ಶ್ವಾಸನಾಳಕ್ಕೆ ಜಾರಿದರೆ ಉಸಿರು ನಿಲ್ಲುತ್ತದೆ. ಅವರಿಗೆ ಪುಡಿ ಮಾಡಿ ಕೊಡಿ. ಎಳ್ಳುಬೆಲ್ಲದ ಕಡಲೆಬೀಜಕ್ಕೂ ಕೊಬ್ಬರಿ ಚೂರಿಗೂ ಇದೇ ಮಾತು. ಬೂಷ್ಟು ಹಿಡಿದ, ಕಹಿಯಾದ ಬೀಜ ಯಾರಿಗೂ ಬೇಡ.

ವೈಕುಂಠ ಏಕಾದಶಿ: ಕೋಟೆ ವೆಂಕಟರಮಣ ಗುಡಿಯಿಂದ ಬಡಾವಣೆಯ ಗುಡಿಯವರೆಗೆ ನಸುಕಿನಿಂದಲೇ ಸಾಲು. ಉಪವಾಸದಲ್ಲಿ, ಚಳಿಯಲ್ಲಿ, ಬರಿಗಾಲಲ್ಲಿ ಗಂಟೆಗಟ್ಟಲೆ ನಿಲ್ಲುವ ಹಿರಿಯರು ಮಧ್ಯಾಹ್ನದ ಮೇಲೆ ಹೋಗಿ. ಬಾಗಿಲು ಆಗಲೂ ತೆರೆದಿರುತ್ತದೆ, ವೆಂಕಟರಮಣ ಬೇಸರಿಸುವುದಿಲ್ಲ.

ಚಿತ್ರಸಂತೆ: ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯೇ ಚಿತ್ರಶಾಲೆಯಾಗುತ್ತದೆ. 2003ರಲ್ಲಿ ಚಿತ್ರಕಲಾ ಪರಿಷತ್ತು ಆರಂಭಿಸಿದ್ದು. ಬಿಡಿಸುವ ಹವ್ಯಾಸವಿರುವ ಮೊಮ್ಮಗನನ್ನೋ ಮೊಮ್ಮಗಳನ್ನೋ ಕರೆದುಕೊಂಡು ಹೋಗಿ. ಮಧ್ಯಾಹ್ನದ ಬಿಸಿಲು ಚುರುಕು, ಟೋಪಿ, ನೀರಿನ ಬಾಟಲಿ ಮರೆಯಬೇಡಿ.

ಸಂಕ್ರಾಂತಿ: ಗವಿಪುರದ ಗವಿಗಂಗಾಧರೇಶ್ವರ ಗುಡಿಯಲ್ಲಿ ಅಂದಿನ ಸಂಜೆ ಸೂರ್ಯಕಿರಣ ನಂದಿಯ ಕೋಡುಗಳ ನಡುವಿನಿಂದ ಹಾದು ಲಿಂಗವನ್ನು ಮುಟ್ಟುತ್ತದೆ. ಗುಹೆಯೊಳಗೆ ಜಾಗ ಕಡಿಮೆ, ನೂಕುನುಗ್ಗಲು ಬೇಡ. ಗಾಳಿಪಟ ಬಿಡುವ ಮಕ್ಕಳೇ, ಹತ್ತಿಯ ದಾರವೇ ಸಾಕು. ಗಾಜಿನಪುಡಿ ಸವರಿದ ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶಾದ್ಯಂತ ನಿಷೇಧಿಸಿದೆ. ಅದು ಕಡಿಯುವುದು ಎದುರಾಳಿಯ ಪಟವನ್ನಷ್ಟೇ ಅಲ್ಲ, ಹದ್ದಿನ ರೆಕ್ಕೆಯನ್ನು, ಸವಾರನ ಕುತ್ತಿಗೆಯನ್ನು. ಪಟ ಕರೆಂಟ್ ತಂತಿಗೆ ಸಿಕ್ಕಿದರೆ ಬಿಟ್ಟುಬಿಡಿ. ಕೋಲು ಹಿಡಿದು ಕೀಳಲು ಹೋಗಬೇಡಿ. ತಡೆಗೋಡೆಯಿಲ್ಲದ ತಾರಸಿ ಗಾಳಿಪಟದ ಜಾಗವಲ್ಲ, ಮೈದಾನವೇ ಅದಕ್ಕೆ ಸರಿ.

ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ: ಗಣರಾಜ್ಯೋತ್ಸವದ ಹೊತ್ತಿಗೆ. 1889ರಲ್ಲಿ ಶಂಕುಸ್ಥಾಪನೆಯಾದ ಗಾಜಿನಮನೆಯನ್ನು ಹೂವಿನ ನಡುವೆ ನೋಡುವ ಸೊಗಸೇ ಬೇರೆ. ವಾರದ ದಿನಗಳಲ್ಲಿ, ಬೆಳಿಗ್ಗೆ ಹೋದರೆ ಹಿರಿಯರಿಗೆ ಆರಾಮ.

ಬೀದಿಯ ಸುತ್ತು: ಯಾರು ಚಳಿಯಲ್ಲಿದ್ದಾರೆ?

ಮನೆಯ ತಪಾಸಣೆ ಮುಗಿದ ಮೇಲೆ ಬೀದಿಗಿಳಿಯಿರಿ. ಹಾಳೆಯ ಇನ್ನೊಂದು ಬದಿಯಲ್ಲಿ, ನಾವು ಕಂಬಳಿಯೊಳಗಿರುವಾಗ ಹೊರಗಿರುವವರು ಯಾರು ಎಂದು ಬರೆಯಿರಿ. ಪೇಪರ್ ಹಾಕುವ ಹುಡುಗ, ಹಾಲಿನವರು, ಹೂವಿನ ಬುಟ್ಟಿಯ ಅಜ್ಜಿ, ಪೌರಕಾರ್ಮಿಕರು, ವಾಚ್‌ಮನ್. ಮಕ್ಕಳು ಎಣಿಸಿದರೆ ದೊಡ್ಡವರಿಗಿಂತ ಉದ್ದದ ಪಟ್ಟಿ ಬರುತ್ತದೆ, ನೋಡಿ ಬೇಕಾದರೆ. ಬೀರುವಿನಲ್ಲಿ ಮೂರು ವರ್ಷದಿಂದ ಮೈಗೇರದ ಸ್ವೆಟರ್ ಇದೆಯೇ? ಒಗೆದು, ಬಿಸಿಲಿಗೆ ಹಾಕಿ, ಗುಂಡಿ ಹೊಲಿದು ಕೊಡಿ. ಹರಿದದ್ದನ್ನು ಕೊಡುವುದು ದಾನವಲ್ಲ.

ಒಬ್ಬರೇ ಇರುವ ಹಿರಿಯರ ಮನೆಗಳನ್ನೂ ಗುರುತು ಹಾಕಿ. ಮಕ್ಕಳು ಪರದೇಶದಲ್ಲಿ, ಇಲ್ಲಿ ಅಜ್ಜ ಅಥವಾ ಅಜ್ಜಿ ಒಬ್ಬರೇ. ಇಂಥ ಮನೆ ಈಗ ಪ್ರತಿ ಬೀದಿಯಲ್ಲಿ ಇದೆ. ನಮ್ಮ ಬೀದಿಯಲ್ಲಿ ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ಅದಕ್ಕೆ ‘ಬೆಳಗಿನ ಹಾಜರಿ’ ಎಂದು ಹೆಸರು. ಒಬ್ಬರೇ ಇರುವವರು ಎಂಟು ಗಂಟೆಯೊಳಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ನಮಸ್ಕಾರ’ ಎಂದು ಹಾಕಬೇಕು, ಇಲ್ಲವೇ ಬಾಗಿಲ ಮುಂದೆ ರಂಗೋಲಿ ಇರಬೇಕು. ಎರಡೂ ಇಲ್ಲದಿದ್ದರೆ ಪಕ್ಕದ ಮನೆಯವರು ಬೆಲ್ ಮಾಡುತ್ತಾರೆ. ಒಂದು ಬೀಗದ ಕೈ ನಂಬಿಕೆಯ ನೆರೆಯವರ ಬಳಿ ಇರುತ್ತದೆ. ಖರ್ಚು ಒಂದು ಪೈಸೆಯಿಲ್ಲ. ಹಾಜರಿ ನೋಡುವ ಕೆಲಸವನ್ನು ಮಕ್ಕಳೇ ಸರದಿಯಂತೆ ಮಾಡುತ್ತಾರೆ, ಬ್ಯಾಂಕಿನಲ್ಲಿ ದಿನದ ಲೆಕ್ಕ ತಾಳೆ ನೋಡುವುದಕ್ಕಿಂತ ಶ್ರದ್ಧೆಯಿಂದ.

ನಾಯಿಮರಿಗಳನ್ನೂ ಮರೆಯಬೇಡಿ. ಗೇಟಿನ ಮೂಲೆಯಲ್ಲಿ ಒಂದು ಗೋಣಿತಾಟು ಹಾಕಿದರೆ ಅವಕ್ಕೆ ಅದೇ ಅರಮನೆ. ಕಾರಿನ ಬಿಸಿ ಎಂಜಿನ್ ಪಕ್ಕ ಬೆಕ್ಕು ಮಲಗಿರುತ್ತದೆ. ಹೊರಡುವ ಮೊದಲು ಬಾನೆಟ್ ಮೇಲೆ ಎರಡು ಸಲ ತಟ್ಟಿ.

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ

ಮಕ್ಕಳು ದಪ್ಪ ಅಕ್ಷರದಲ್ಲಿ ಬರೆದು, ಅಜ್ಜ ಅಜ್ಜಿಗೆ ಕಾಣುವ ಎತ್ತರದಲ್ಲಿ ಅಂಟಿಸಬೇಕಾದ ಸಂಖ್ಯೆಗಳು ಇವು:

ಯಾವುದೇ ತುರ್ತಿಗೆ: 112
ಆಂಬುಲೆನ್ಸ್: 108
ಅಡುಗೆ ಅನಿಲ ಸೋರಿಕೆ: 1906
ಬೆಸ್ಕಾಂ, ಕರೆಂಟಿನ ತೊಂದರೆ: 1912
ಹಿರಿಯ ನಾಗರಿಕರ ಸಹಾಯವಾಣಿ: 14567
ಮಕ್ಕಳ ಸಹಾಯವಾಣಿ: 1098

ಇವುಗಳ ಕೆಳಗೆ ಪಕ್ಕದ ಮನೆಯವರ ಫೋನ್ ನಂಬರ್ ಬರೆಯಿರಿ. ತುರ್ತು ಹೊತ್ತಿನಲ್ಲಿ ಎಲ್ಲರಿಗಿಂತ ಮೊದಲು ಓಡಿ ಬರುವವರು ಅವರೇ. ನಂಬರ್ ಗೊತ್ತಿಲ್ಲದಿದ್ದರೆ ಒಂದು ಬಟ್ಟಲು ಅವರೆಕಾಳು ಉಪ್ಪಿಟ್ಟು ತೆಗೆದುಕೊಂಡು ಹೋಗಿ ಬಾಗಿಲು ತಟ್ಟಿ, ಕೇಳಿ ಬರೆದುಕೊಂಡು ಬನ್ನಿ.